ಹಳೆಯ ‘ಒನ್ ಟ್ವೆಂಟಿ’ ಕ್ಯಾಮೆರಾ ಕೊಳ್ಳುವ ಮುನ್ನ

ಸೊಂಟದ ಎತ್ತರಕ್ಕೆ ಹಿಡಿದ ಕಪ್ಪು ಪೆಟ್ಟಿಗೆ. ಮೇಲಿನ ತಗಡಿನ ಮುಚ್ಚಳ ಎತ್ತಿದರೆ ನಾಲ್ಕೂ ಕಡೆ ಪುಟ್ಟ ಗೋಡೆಗಳು ಎದ್ದು ನಿಲ್ಲುತ್ತವೆ. ತಳದಲ್ಲಿ ಚೌಕದ ಮಂಜುಗಾಜು. ಎದುರಿನ ಬೀದಿ, ಮರ, ಮನುಷ್ಯರು ಎಲ್ಲ ಅದರ ಮೇಲೆ ಬಣ್ಣಸಮೇತ ಮೂಡುತ್ತವೆ. ಎಡಬಲ ಮಾತ್ರ ಅದಲುಬದಲು: ಬಲಕ್ಕೆ ಹೊರಟ ಆಟೊ ಗಾಜಿನೊಳಗೆ ಎಡಕ್ಕೆ ಓಡುತ್ತದೆ. ಫೋಟೊ ತೆಗೆಯುವವರು ತಲೆ ಬಗ್ಗಿಸಿ ಅದನ್ನೇ ನೋಡುತ್ತ ನಿಂತಿರುವುದರಿಂದ, ಎದುರಿಗಿರುವವರಿಗೆ ಯಾರೋ ದಿಟ್ಟಿಸುತ್ತಿದ್ದಾರೆಂಬ ಮುಜುಗರವೂ ಆಗುವುದಿಲ್ಲ.

ಕರ್ನಾಟಕದ ಊರೂರಿನ ಸ್ಟುಡಿಯೊಗಳಲ್ಲಿ ಮದುವೆ, ನಾಮಕರಣ, ಶಾಲೆಯ ಗುಂಪು ಫೋಟೊಗಳಿಗೆಲ್ಲ ದಶಕಗಳ ಕಾಲ ದುಡಿದದ್ದು ಇಂಥ ಪೆಟ್ಟಿಗೆಗಳೇ. ಮೊದಲು ಸಣ್ಣ ರೋಲಿನ ಕ್ಯಾಮೆರಾ, ಆಮೇಲೆ ಡಿಜಿಟಲ್ ಬಂದು ಅವು ಮೂಲೆ ಸೇರಿದವು. ಈಗ ಮೊಬೈಲಿನಲ್ಲೇ ಫೋಟೊ ಕಲಿತ ತಲೆಮಾರು ಅವನ್ನು ಹುಡುಕಿಕೊಂಡು ಹೊರಟಿದೆ. ಹುಡುಕಿದರೆ ಸಿಗುತ್ತವೆ. ಸಿಕ್ಕಿದ್ದು ಕೆಲಸ ಮಾಡುತ್ತದೆಯೇ, ಕೇಳಿದ ಬೆಲೆ ಬಾಳುತ್ತದೆಯೇ ಎಂಬಲ್ಲಿ ಹೊಸಬರು ಎಡವುತ್ತಾರೆ.

ಅಗಲ ರೋಲಿನ ಲೆಕ್ಕ

ಹಳೆಯ ಸ್ಟುಡಿಯೊದವರು ‘ಒನ್ ಟ್ವೆಂಟಿ ರೋಲ್’ ಎನ್ನುತ್ತಿದ್ದ ಫಿಲ್ಮನ್ನು ಕೊಡಾಕ್ ಕಂಪನಿ ತನ್ನ ಬ್ರೌನಿ ಪೆಟ್ಟಿಗೆ ಕ್ಯಾಮೆರಾಕ್ಕಾಗಿ 1901ರಲ್ಲಿ ಹೊರತಂದಿತು. ಆರು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲದ ಪಟ್ಟಿ ಅದು. ನೂರಿಪ್ಪತ್ತು ವರ್ಷ ಕಳೆದರೂ ತಯಾರಿಕೆ ನಿಂತಿಲ್ಲ. ಕೊಡಾಕ್, ಇಲ್ಫರ್ಡ್, ಫೋಮಾ ಇಂದಿಗೂ ಮಾಡುತ್ತಿವೆ. ಹಳೆಯ ಕ್ಯಾಮೆರಾಗೆ ಇಂದೂ ಜೀವವಿರುವುದು ಈ ಕಾರಣಕ್ಕೆ. ಈ ರೋಲ್ ಬಳಸುವ ಕ್ಯಾಮೆರಾಗಳನ್ನೇ ಮೀಡಿಯಂ ಫಾರ್ಮ್ಯಾಟ್ ಎಂದು ಕರೆಯುವುದು.

ಸಾಮಾನ್ಯ 35 ಮಿ.ಮೀ. ರೋಲಿನ ಒಂದು ಚಿತ್ರ 24×36 ಮಿ.ಮೀ. ಅಳತೆಯದು. ‘ಆರು ಬೈ ಆರು’ ಎನ್ನುವ ಚೌಕದ ಚಿತ್ರ ನಿಜವಾಗಿ ಸುಮಾರು 56×56 ಮಿ.ಮೀ. ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು. ನೆಗೆಟಿವ್ ದೊಡ್ಡದಾದಷ್ಟೂ ಹಿಗ್ಗಿಸುವ ಪ್ರಮಾಣ ಕಡಿಮೆ, ಹಾಗಾಗಿ ಫಿಲ್ಮಿನ ಕಾಳು ಕಾಣುವುದೂ ಕಡಿಮೆ. ಮುಖದ ನೆರಿಗೆ, ರೇಷ್ಮೆ ಸೀರೆಯ ಜರಿ, ಕಲ್ಲಿನ ಒರಟು ಎಲ್ಲ ನಿರಾಯಾಸವಾಗಿ ಬರುತ್ತವೆ. ನೆಗೆಟಿವ್‌ನ ಮೇಲೇ ಪೆನ್ಸಿಲ್ಲಿನಿಂದ ಕಲೆ ತಿದ್ದುವ ‘ಟಚಿಂಗ್’ ಕೆಲಸಕ್ಕೂ ಇಷ್ಟು ಜಾಗ ಬೇಕಿತ್ತು.

ಒಂದು ರೋಲಿಗೆ ಎಷ್ಟು ಫೋಟೊ ಎಂಬುದು ಕ್ಯಾಮೆರಾದ ಮೇಲೆ ನಿಂತಿದೆ. 6×4.5 ಅಳತೆಯಲ್ಲಿ ಹದಿನೈದು ಹದಿನಾರು, 6×6ರಲ್ಲಿ 12, 6×7ರಲ್ಲಿ 10, 6×9ರಲ್ಲಿ ಎಂಟೇ ಎಂಟು.

ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆಯೂ ರೋಲಿನದ್ದೇ. ಮನೆಗಳ ಅಟ್ಟದಲ್ಲಿ ಸಿಗುವ ಹಳೆಯ ಕೊಡಾಕ್‌ಗಳಲ್ಲಿ ಎಷ್ಟೋ 620 ಇಲ್ಲವೇ 127 ರೋಲಿನವು. 620 ಎಂದರೆ ಅದೇ ಅಗಲದ ಫಿಲ್ಮ್, ಸುರುಳಿಯ ಕಡ್ಡಿ ಮಾತ್ರ ಸಣ್ಣದು; ಕೊಡಾಕ್ ಅದನ್ನು 1995ರಲ್ಲಿ ನಿಲ್ಲಿಸಿತು. ಕತ್ತಲಲ್ಲಿ 120ರ ಫಿಲ್ಮನ್ನು 620ರ ಕಡ್ಡಿಗೆ ಸುತ್ತಿ ಬಳಸುವವರಿದ್ದಾರೆ. ಆದರೆ ಅದು ಕಲಿಯುವವರು ಮೊದಲ ದಿನವೇ ಮೈಮೇಲೆ ಎಳೆದುಕೊಳ್ಳಬೇಕಾದ ಕೆಲಸವಲ್ಲ.

ಜಾಲಹಳ್ಳಿಯ ಗಡಿಯಾರ, ಜಪಾನಿನ ಷಟರ್

ಉತ್ತರ ಬೆಂಗಳೂರಿನ ಶೆಟ್ಟಿಹಳ್ಳಿಯ ಪಕ್ಕದಲ್ಲೇ ಜಾಲಹಳ್ಳಿ. 1953ರಲ್ಲಿ ಆರಂಭವಾದ ಎಚ್ಎಂಟಿ ಅಲ್ಲಿ 1961ರಿಂದ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡತೊಡಗಿತು. ಜನತಾ, ಪೈಲಟ್, ಸೋನಾ ಎಂಬ ಹೆಸರುಗಳು ಈ ಭಾಗದ ಮನೆಮನೆಯ ಮಾತಾದವು. ಅದೇ ಸಿಟಿಜನ್ ಆ ಕಾಲದಲ್ಲಿ ಕ್ಯಾಮೆರಾ ಷಟರುಗಳನ್ನೂ ಮಾಡುತ್ತಿತ್ತು. 1955ರಲ್ಲಿ ಬಂದ ಮಿನೋಲ್ಟಾ ಆಟೊಕಾರ್ಡ್ ಎಂಬ ಎರಡು ಕಣ್ಣಿನ ಕ್ಯಾಮೆರಾದಲ್ಲಿ ಅದರ ಷಟರುಗಳಿದ್ದವು. ಇನ್ನೊಂದು ಹೆಸರಾಂತ ಷಟರ್ ಸೀಕೋಷಾ. ಅದು ಸೀಕೊ ಗಡಿಯಾರದ ಮನೆತನದ್ದು.

ಇದು ಕಾಕತಾಳೀಯವಲ್ಲ. ಲೆನ್ಸಿನೊಳಗೆ ಕೂರುವ ಎಲೆ ಷಟರ್ ಬಹುಮಟ್ಟಿಗೆ ಗಡಿಯಾರದ ಯಂತ್ರವೇ. ಸ್ಪ್ರಿಂಗಿಗೆ ಬಿಗಿ ಕೊಟ್ಟರೆ ತೆಳು ಉಕ್ಕಿನ ಎಲೆಗಳು ತೆರೆದು ಮುಚ್ಚುತ್ತವೆ. ಒಂದು ಸೆಕೆಂಡ್, ಅರ್ಧ, ಕಾಲು ಸೆಕೆಂಡಿನಂಥ ನಿಧಾನ ವೇಗಗಳಲ್ಲಿ ಹಲ್ಲುಚಕ್ರಗಳ ಸಾಲೊಂದು ಎಲೆಗಳನ್ನು ತಡೆದು ನಿಲ್ಲಿಸುತ್ತದೆ. ಆಗ ಕೇಳುವ ‘ಝರ್ರ್’ ಸದ್ದು ಆ ಚಕ್ರಗಳದ್ದು. ಚಕ್ರಗಳ ಎಣ್ಣೆ ಒಣಗಿದರೆ ಗಡಿಯಾರ ಹಿಂದೆ ಬೀಳುತ್ತದೆ; ಷಟರ್ ಒಂದು ಸೆಕೆಂಡಿಗೆ ಎರಡು ತೆಗೆದುಕೊಳ್ಳುತ್ತದೆ, ಇಲ್ಲವೇ ತೆರೆದವು ತೆರೆದೇ ಉಳಿಯುತ್ತವೆ.

ಇದರಿಂದ ಕೊಳ್ಳುವವರಿಗೆ ಸಿಗುವ ತಿಳಿವಳಿಕೆ ತುಸು ವಿಚಿತ್ರವಾದದ್ದು. ಚರ್ಮದ ಕವಚದೊಳಗೆ ಮೂವತ್ತು ವರ್ಷ ಮಲಗಿ ಹೊಸದರಂತೆ ಹೊಳೆಯುವ ಕ್ಯಾಮೆರಾಕ್ಕಿಂತ, ಅಂಚಿನ ಬಣ್ಣ ಸವೆದು ಹಿತ್ತಾಳೆ ಕಾಣುವ ಸ್ಟುಡಿಯೊ ಕ್ಯಾಮೆರಾ ಅನೇಕ ವೇಳೆ ಮೇಲು. ಕೊಟ್ಟಿಗೆಯಲ್ಲೇ ಮೇದು ಕೊಬ್ಬಿದ ಎತ್ತಿಗಿಂತ ಹೊಲದಲ್ಲಿ ನೊಗ ಕಂಡ ಎತ್ತನ್ನು ಸಂತೆಯಲ್ಲಿ ನಂಬುವ ಹಾಗೆ. ದುಡಿದ ಕ್ಯಾಮೆರಾವನ್ನು ಯಾರೋ ಆಗಾಗ ಬಿಚ್ಚಿ ಎಣ್ಣೆ ಕೊಟ್ಟಿರುತ್ತಾರೆ, ಷಟರ್ ಓಡುತ್ತಲೇ ಇದ್ದಿರುತ್ತದೆ. ಹಾಗೆಂದು ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಲೈಸೆನ್ಸ್ ಮತ್ತು ಸುಂಕದ ಕಾಲದಲ್ಲಿ ಹೊರದೇಶದ ಕ್ಯಾಮೆರಾವೂ ಅದರ ಬಿಡಿಭಾಗಗಳೂ ದುರ್ಲಭವಾಗಿದ್ದವು. ಸಿಕ್ಕಿದ ತಿರುಪು ಹಾಕಿ, ಯಾವುದೋ ತಗಡು ಕತ್ತರಿಸಿ ನಡೆಸಿದ ರಿಪೇರಿಗಳು ಒಳಗಿರಬಹುದು. ತಿರುಪುಗಳ ತಲೆ ಕಿತ್ತುಹೋಗಿದ್ದರೆ ಅದೇ ಗುರುತು.

ಯಾವ ಜಾತಿಯದು

ಭಾರತದ ಮನೆಗಳಲ್ಲಿ ಅತಿ ಹೆಚ್ಚು ಸಿಗುವುದು ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ತ್ರೀ. ಪ್ಲಾಸ್ಟಿಕ್ ಮೈಯ, ಸರಳ ಲೆನ್ಸಿನ ಡಬ್ಬಾ ಕ್ಯಾಮೆರಾ. ವೇಗ ಬದಲಿಸುವ ಗೋಜಿಲ್ಲ. ಬಿಸಿಲು ಮೋಡಗಳ ಗುರುತು ನೋಡಿ ಒತ್ತಿದರಾಯಿತು. 120ರ ರೋಲೇ ಹಿಡಿಸುವುದರಿಂದ ಇವತ್ತೂ ಚಿತ್ರ ತೆಗೆಯಬಹುದು. ನಡುವೆ ಸ್ಪಷ್ಟ, ಅಂಚಿನಲ್ಲಿ ಮಸುಕು ಎನ್ನುವಂಥ ಚಿತ್ರ. ಅಗ್ಗಕ್ಕೆ ಸಿಕ್ಕರೆ ಆಟಕ್ಕೆ ಒಳ್ಳೆಯದು. ‘ಆಂಟಿಕ್ ಸಾರ್’ ಎಂದು ಸಾವಿರಗಟ್ಟಲೆ ಕೇಳಿದರೆ ಮುಂದೆ ಹೋಗುವುದು ಲೇಸು. 1972ರ ಪುರಾತನ ವಸ್ತುಗಳ ಕಾಯ್ದೆ ಸಾಮಾನ್ಯವಾಗಿ ಆ ಮಾತು ಸಲ್ಲಲು ನೂರು ವರ್ಷ ಕೇಳುತ್ತದೆ!

ಮಡಚುವ ಕ್ಯಾಮೆರಾಗಳು, ಅಂದರೆ ಮುಂದಿನ ಬಾಗಿಲು ತೆರೆದರೆ ಲೆನ್ಸ್ ತಿದಿಯ ಮೇಲೆ ಹೊರಬರುವ ಝೈಸ್ ಇಕಾಂಟ, ಅಗ್ಫಾ ಐಸೊಲೆಟ್ ಮೊದಲಾದವು, ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕವು. ತಿದಿಯ ಮಡಿಕೆಗಳಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದರೂ ಬೆಳಕು ನುಗ್ಗುತ್ತದೆ. ದೂರವನ್ನು ಅಂದಾಜಿನಲ್ಲೇ ಇಡಬೇಕಾದವು ಹೆಚ್ಚು.

ಕಲಿಯುವವರಿಗೆ ಸರಿಯಾದದ್ದು ಎರಡು ಕಣ್ಣಿನ ಕ್ಯಾಮೆರಾ, ಅಂದರೆ ಟಿಎಲ್ಆರ್. ಮೇಲಿನ ಲೆನ್ಸ್ ನೋಡಲು, ಕೆಳಗಿನದು ತೆಗೆಯಲು. 1929ರಲ್ಲಿ ಜರ್ಮನಿಯ ರೋಲಿಫ್ಲೆಕ್ಸ್ ಈ ಮಾದರಿಗೆ ನೆಲೆ ಕೊಟ್ಟಿತು. ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಬಳಸಿದ ಕ್ಯಾಮೆರಾಗಳಲ್ಲಿ ಅದೂ ಒಂದು. ಇವತ್ತು ಒಳ್ಳೆಯ ರೋಲಿಫ್ಲೆಕ್ಸಿನ ಬೆಲೆ ಲಕ್ಷದ ಮಾತಾಡುತ್ತದೆ. ಅದರ ತಮ್ಮ ರೋಲಿಕಾರ್ಡ್, ಜಪಾನಿನ ಯಾಷಿಕಾ ಡಿ, ಯಾಷಿಕಾ ಮ್ಯಾಟ್, ಮೇಲೆ ಹೇಳಿದ ಆಟೊಕಾರ್ಡ್‌ಗಳು ಅದಕ್ಕಿಂತ ಎಷ್ಟೋ ಕಡಿಮೆಗೆ ಹೆಚ್ಚುಕಡಿಮೆ ಅದೇ ಚಿತ್ರ ಕೊಡುತ್ತವೆ.

ಇವುಗಳಲ್ಲಿ ಅತಿ ಹೆಸರಾದದ್ದು 1970ರಲ್ಲಿ ಬಂದ ಯಾಷಿಕಾ ಮ್ಯಾಟ್ 124ಜಿ. 80 ಮಿ.ಮೀ. ಲೆನ್ಸ್, ಒಂದು ಸೆಕೆಂಡಿನಿಂದ 1/500ರವರೆಗಿನ ಕೋಪಾಲ್ ಷಟರ್, ಬೆಳಕಿನ ಮೀಟರ್. ಮೀಟರಿಗೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, ಅದಕ್ಕಾಗಿ ಚಿಂತಿಸಬೇಕಾಗಿಯೂ ಇಲ್ಲ. ಮೀಟರ್ ಸತ್ತರೂ ಕ್ಯಾಮೆರಾ ನಡೆಯುತ್ತದೆ, ಬೆಳಕು ಅಳೆಯಲು ಮೊಬೈಲಿನ ಆ್ಯಪ್ ಸಾಕು. ಮೀಟರಿಲ್ಲದ ಯಾಷಿಕಾ ಡಿ ಕಡಿಮೆ ಬೆಲೆಗೆ ಸಿಕ್ಕರೆ ‘ಜಿ’ ಅಕ್ಷರಕ್ಕಾಗಿ ದುಪ್ಪಟ್ಟು ಕೊಡಲು ಕಾರಣವಿಲ್ಲ. ಸೋವಿಯತ್ ಲ್ಯೂಬಿಟೆಲ್, ಚೀನಾದ ಸೀಗಲ್ ಇನ್ನೂ ಅಗ್ಗ, ಕಟ್ಟೋಣವೂ ಹಾಗೆಯೇ.

ಮೇಲಿನ ಮೆಟ್ಟಿಲು ಏಕಲೆನ್ಸಿನ ದೊಡ್ಡ ಕ್ಯಾಮೆರಾಗಳದ್ದು: ಹ್ಯಾಸಲ್‌ಬ್ಲಾಡ್, ಬ್ರೋನಿಕಾ, ಮಾಮಿಯಾ ಆರ್‌ಬಿ 67, ಪೆಂಟಾಕ್ಸ್ 67. ಲೆನ್ಸ್ ಬದಲಿಸಬಹುದು, ಕೆಲವದರಲ್ಲಿ ಫಿಲ್ಮಿನ ಹಿಂಬದಿ ಡಬ್ಬವನ್ನೇ ಬದಲಿಸಬಹುದು. ಆರ್‌ಬಿ 67ರ ತೂಕ ಎರಡೂವರೆ ಕೆ.ಜಿ. ದಾಟುತ್ತದೆ, ಸ್ಟುಡಿಯೊ ಸ್ಟ್ಯಾಂಡಿನ ಮೇಲೆ ಅದು ರಾಜ, ಹೆಗಲ ಮೇಲೆ ಶಿಕ್ಷೆ. ಬ್ರೋನಿಕಾದ ಇಟಿಆರ್, ಎಸ್‌ಕ್ಯೂ ಸಾಲಿನವು ಬ್ಯಾಟರಿ ಇಲ್ಲದೆ ಒಂದೇ ವೇಗಕ್ಕೆ ಸೀಮಿತವಾಗುತ್ತವೆ. ಒಳಗಿನ ವಿದ್ಯುತ್ ಮಂಡಲ ಕೆಟ್ಟರೆ ರಿಪೇರಿ ಮಾಡುವವರು ಸಿಗುವುದು ಕಷ್ಟ. ಹ್ಯಾಸಲ್‌ಬ್ಲಾಡ್ 500 ಸಿ/ಎಂ ಪೂರ್ತಿ ಯಾಂತ್ರಿಕ, ಆದರೆ ಲೆನ್ಸನ್ನೂ ಮೈಯನ್ನೂ ಬಿಗಿಕೊಟ್ಟ ಸ್ಥಿತಿಯಲ್ಲೇ ಜೋಡಿಸಬೇಕು. ಮರೆತರೆ ಎರಡೂ ಸಿಕ್ಕಿಕೊಂಡು ಕೂರುತ್ತವೆ. ಮೊದಲ ಕ್ಯಾಮೆರಾ ಇವುಗಳಲ್ಲೊಂದಾಗಬಾರದೆಂದಲ್ಲ, ಇವುಗಳಲ್ಲಿ ಕೆಡಬಹುದಾದ ಜಾಗಗಳು ಹೆಚ್ಚು.

ಸಿಗುವುದೆಲ್ಲಿ

ಶೆಟ್ಟಿಹಳ್ಳಿಯವರು ಜಾಲಹಳ್ಳಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನಡುವೆ ಎಲ್ಲೂ ಬದಲಿಸದೆ ಚಿಕ್ಕಪೇಟೆಯಲ್ಲಿ ಇಳಿಯಬಹುದು. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಸಂಡೆ ಬಜಾರ್. ಗ್ರಾಮಾಫೋನು, ನಾಣ್ಯ, ಹಿತ್ತಾಳೆ ದೀಪಗಳ ನಡುವೆ ಕ್ಯಾಮೆರಾಗಳೂ ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಕೂತಿರುತ್ತವೆ. ಇಲ್ಲಿ ಚೌಕಾಸಿ ನಡೆಯುತ್ತದೆ. ವಾಪಸ್ ತೆಗೆದುಕೊಳ್ಳುವ ಮಾತು ನಡೆಯುವುದಿಲ್ಲ. ಶೋಕೇಸಿಗೆ ಇಡುವವರಿಗಾಗಿ ಮಾರುವ ವಸ್ತುಗಳೇ ಹೆಚ್ಚಾದ್ದರಿಂದ ಹತ್ತರಲ್ಲಿ ಒಂದು ಓಡುವ ಸ್ಥಿತಿಯಲ್ಲಿದ್ದರೂ ಅದೃಷ್ಟ.

ಇದಕ್ಕಿಂತ ಒಳ್ಳೆಯ ದಾರಿ ಮುಚ್ಚಿದ ಅಥವಾ ಮುಚ್ಚುತ್ತಿರುವ ಸ್ಟುಡಿಯೊಗಳು. ತುಮಕೂರು, ದೊಡ್ಡಬಳ್ಳಾಪುರದಂಥ ಊರುಗಳಲ್ಲಿ ಎರಡು ತಲೆಮಾರು ಫೋಟೊ ತೆಗೆದ ಕುಟುಂಬಗಳಲ್ಲಿ ಒಂದಾದರೂ ಹಳೆಯ ಕ್ಯಾಮೆರಾ ಬೀರುವಿನಲ್ಲಿರುವ ಸಾಧ್ಯತೆ ಹೆಚ್ಚು, ಅದರ ಚರಿತ್ರೆ ಹೇಳುವವರೂ ಇರುತ್ತಾರೆ. ಛಾಯಾಗ್ರಾಹಕರ ಸಂಘಗಳಲ್ಲಿ ವಿಚಾರಿಸುವುದೂ ವ್ಯರ್ಥವಲ್ಲ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ, ಫಿಲ್ಮಿನ ಕಾಲ ಕಂಡ ಹಿರಿಯರು ಇಂಥ ಕಡೆಯೇ ಸಿಗುವುದು. ಇನ್ನು ಆನ್‌ಲೈನಿನಲ್ಲಿ ಜಪಾನಿನಿಂದ ತರಿಸುವುದು. ವಸ್ತು ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಆದರೆ ಸಾಗಣೆಯ ಜೊತೆ ಕಸ್ಟಮ್ಸ್ ಸುಂಕ ಸೇರಿ ಕೊನೆಯ ಮೊತ್ತ ಪರದೆಯ ಮೇಲೆ ಕಂಡ ಬೆಲೆಗಿಂತ ಬಹಳ ಮೇಲೇರುತ್ತದೆ. ಸುಂಕ ಎಷ್ಟೆಂದು ಆರ್ಡರ್ ಮಾಡುವ ಮೊದಲೇ ತಿಳಿದುಕೊಳ್ಳಬೇಕು.

ಮಾರುವವರು ‘ಪರೀಕ್ಷಿಸಿಲ್ಲ’ ಎಂದರೆ ‘ಕೆಟ್ಟಿದೆ’ ಎಂದೇ ಓದಿಕೊಂಡು ಬೆಲೆ ಕಟ್ಟುವುದು ಕ್ಷೇಮ.

ಟಾರ್ಚು, ಕಿವಿ, ಟ್ರೇಸಿಂಗ್ ಪೇಪರ್

ಕೊಳ್ಳಲು ಹೋಗುವಾಗ ಜೊತೆಗಿರಬೇಕಾದ್ದು ಒಂದು ಸಣ್ಣ ಟಾರ್ಚು, ಒಂದು ತುಂಡು ಟ್ರೇಸಿಂಗ್ ಪೇಪರ್, ಸಾಧ್ಯವಾದರೆ ಅವಧಿ ಮುಗಿದ ಒಂದು 120 ರೋಲ್.

ಮೊದಲು ಲೆನ್ಸ್. ಷಟರನ್ನು ‘ಬಿ’ ಗುರುತಿಗೆ ಇಟ್ಟು ಒತ್ತಿ ಹಿಡಿದರೆ ಎಲೆಗಳು ತೆರೆದೇ ಇರುತ್ತವೆ. ಹಿಂಬಾಗಿಲು ತೆಗೆದು ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್; ಮಳೆಗಾಲದ ತೇವ, ಗಾಳಿಯಾಡದ ಚರ್ಮದ ಕವಚ ಎರಡೂ ಸೇರಿ ಬೆಳೆಸಿದ್ದು. ಕರಾವಳಿಯಿಂದ ಬಂದ ಕ್ಯಾಮೆರಾಗಳಲ್ಲಿ ಇದನ್ನು ಇನ್ನಷ್ಟು ಎಚ್ಚರದಿಂದ ಹುಡುಕಬೇಕು. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಒರೆಸಿ ತೆಗೆಯಬಹುದು. ಗಾಜಿನ ಲೇಪನವನ್ನೇ ತಿಂದಿದ್ದರೆ ಒರೆಸಿದರೂ ಗುರುತು ಉಳಿಯುತ್ತದೆ. ಇಡೀ ಗಾಜು ಹೊಗೆ ಕಟ್ಟಿದಂತಿದ್ದರೆ ಚಿತ್ರ ಪೇಲವವಾಗುತ್ತದೆ. ಮುಂದಿನ ಗಾಜಿನ ಸಣ್ಣ ಗೀರು ಅಷ್ಟು ಕಾಡುವುದಿಲ್ಲ. ಹಿಂದಿನ ಗಾಜಿನದ್ದು ಕಾಡುತ್ತದೆ.

ಇಲ್ಲೊಂದು ಚೌಕಾಸಿಯ ಸೂತ್ರವಿದೆ. ಟಿಎಲ್ಆರಿನಲ್ಲಿ ಮೇಲಿನ ಲೆನ್ಸು, ಒಳಗಿನ ಕನ್ನಡಿ, ಮಂಜುಗಾಜು ಇವು ಎಷ್ಟೇ ಮಾಸಿದ್ದರೂ ಫಿಲ್ಮಿನ ಮೇಲೆ ಬೀಳುವ ಚಿತ್ರಕ್ಕೆ ಬಾಧೆಯಿಲ್ಲ. ನೋಡಲು ಕಷ್ಟ, ಅಷ್ಟೆ. ಮೇಲಿನ ಲೆನ್ಸಿನಲ್ಲಿ ಫಂಗಸ್ ಇದ್ದು ಕೆಳಗಿನದು ಶುಭ್ರವಾಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದಾದ ಕ್ಯಾಮೆರಾ ಅದು.

ಆಮೇಲೆ ಷಟರ್. ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ಸದ್ದು ಒಂದೇ ಲಯದಲ್ಲಿ ಸೆಕೆಂಡಿನಷ್ಟು ಹೊತ್ತು ಕೇಳಬೇಕು. ನಡುವೆ ತಡವರಿಸಿದರೆ ಎಣ್ಣೆ ಒಣಗಿದೆ. ನಂಬಿಕೆ ಬರದಿದ್ದರೆ ಮೊಬೈಲಿನ ಸ್ಲೋ ಮೋಷನ್ ಇದೆ: ಸೆಕೆಂಡಿಗೆ 240 ಚೌಕಟ್ಟಿನಲ್ಲಿ ಚಿತ್ರಿಸಿದರೆ 1/30 ವೇಗದಲ್ಲಿ ಷಟರ್ ಸುಮಾರು ಎಂಟು ಚೌಕಟ್ಟುಗಳಲ್ಲಿ ತೆರೆದಿರಬೇಕು, 1/60ರಲ್ಲಿ ನಾಲ್ಕರಲ್ಲಿ. ಅದಕ್ಕಿಂತ ವೇಗದ್ದನ್ನು ಮೊಬೈಲ್ ಅಳೆಯಲಾರದು. ಹಗಲಿನ ಫೋಟೊಗೆ ಬೇಕಾದ್ದು 1/60ರಿಂದ 1/250. ನಿಧಾನ ವೇಗಗಳು ಮಾತ್ರ ಕೈಕೊಟ್ಟಿದ್ದರೆ ಅಗ್ಗಕ್ಕೆ ಕೊಂಡು ಎಣ್ಣೆ ಹಾಕಿಸಬಹುದು. ಕೆಲವು ಹಳೆಯ ಷಟರುಗಳಲ್ಲಿ ಬಿಗಿ ಕೊಟ್ಟ ಮೇಲೆ 1/500ಕ್ಕೆ ತಿರುಗಿಸಿದರೆ ಯಂತ್ರಕ್ಕೆ ಪೆಟ್ಟು ಬೀಳುತ್ತದೆ. ಸೆಲ್ಫ್ ಟೈಮರಿನ ಪುಟ್ಟ ಸನ್ನೆಯನ್ನಂತೂ ಮುಟ್ಟದಿರುವುದೇ ವಾಸಿ, ಎಷ್ಟೋ ಷಟರುಗಳು ಕೂತುಬಿಡುವುದು ಅಲ್ಲೇ.

ಫೋಕಸ್ಸಿನ ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ಟಿಎಲ್ಆರ್ ಒಮ್ಮೆ ಕೆಳಗೆ ಬಿದ್ದಿದ್ದರೆ ಎರಡು ಲೆನ್ಸುಗಳ ಹೊಂದಾಣಿಕೆ ತಪ್ಪಿರಬಹುದು. ಮೇಲೆ ಸ್ಪಷ್ಟ ಕಂಡದ್ದು ಫಿಲ್ಮಿನಲ್ಲಿ ಮಸುಕಾಗುತ್ತದೆ. ಹಿಂಬಾಗಿಲು ತೆರೆದು ಫಿಲ್ಮ್ ಓಡುವ ಹಳಿಗಳ ಮೇಲೆ ಟ್ರೇಸಿಂಗ್ ಪೇಪರನ್ನು ಬಿಗಿಯಾಗಿ ಅಂಟಿಸಿ, ಷಟರನ್ನು ‘ಬಿ’ಯಲ್ಲಿ ತೆರೆದು, ದೂರದ ನೀರಿನ ಟ್ಯಾಂಕನ್ನೋ ಮೊಬೈಲ್ ಟವರನ್ನೋ ನೋಡಬೇಕು. ಮೇಲಿನ ಗಾಜಿನಲ್ಲೂ ಕಾಗದದ ಮೇಲೂ ಅದು ಒಟ್ಟಿಗೇ ಸ್ಪಷ್ಟವಾಗಬೇಕು. ಫೋಕಸ್ಸಿನ ಗುಂಡಿ ಅಥವಾ ಸನ್ನೆ ಗಟ್ಟಿಯಾಗಿದ್ದರೆ ಬಲ ಹಾಕುವಂತಿಲ್ಲ. ಆಟೊಕಾರ್ಡಿನ ಸನ್ನೆ ಮುರಿಯುವುದು ಹೀಗೆಯೇ.

ಕೊನೆಗೆ ಹಳೆಯ ರೋಲನ್ನು ಹಾಕಿ ಮೊದಲಿಂದ ಕೊನೆವರೆಗೆ ಸುತ್ತಿ ನೋಡುವುದು. ಎಣಿಕೆ 1ರಿಂದ 12ರವರೆಗೆ ಸಾಗಬೇಕು, ಕರಕರ ಎನ್ನಬಾರದು. 124ಜಿಯಲ್ಲಿ ಫಿಲ್ಮನ್ನು ಒತ್ತಿ ಹಿಡಿಯುವ ತಟ್ಟೆಗೆ 12, 24 ಎಂಬ ಎರಡು ಸ್ಥಾನಗಳಿವೆ. 24 ಈಗ ಅಪರೂಪವಾದ 220 ರೋಲಿನದು, ತಟ್ಟೆ 12ರಲ್ಲೇ ಇರಬೇಕು. ಇನ್ನೊಂದು ಕ್ಷುಲ್ಲಕ ಸಂಗತಿ: 120ರ ಫಿಲ್ಮಿಗೆ ಡಬ್ಬಿಯಿಲ್ಲ, ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ಒಳಗೆ ಖಾಲಿ ಕಡ್ಡಿ ಇಲ್ಲದಿದ್ದರೆ ಮನೆಗೆ ತಂದ ಕ್ಯಾಮೆರಾ ಆ ದಿನ ಬರೀ ಅಲಂಕಾರ.

ಕೊಂಡ ಮೇಲಿನ ಖರ್ಚು

ಒಂದು ಕಾಲಕ್ಕೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮ್ ದೇಶವಿಡೀ ಸಿಗುತ್ತಿತ್ತು. ಅದು ಮುಚ್ಚಿದ ಮೇಲೆ ಎಲ್ಲ ರೋಲೂ ಆಮದಿನದ್ದೇ. ಕಪ್ಪುಬಿಳುಪಿನದು ನೂರುಗಳಲ್ಲಿ, ಬಣ್ಣದ್ದು ಅನೇಕ ವೇಳೆ ಸಾವಿರ ದಾಟಿ. ತೊಳೆಸಿ ಸ್ಕ್ಯಾನ್ ಮಾಡಿಸುವುದು ಬೇರೆ. ಹನ್ನೆರಡು ಚಿತ್ರಕ್ಕೆ ಇಷ್ಟು ಹಣ ಎಂದು ಮೊದಲೇ ಭಾಗಿಸಿ ನೋಡಿಕೊಂಡವರು ನಿರಾಶರಾಗುವುದಿಲ್ಲ. ಲ್ಯಾಬು 35 ಮಿ.ಮೀ. ಮಾತ್ರವಲ್ಲ, 120 ಅನ್ನೂ ತೊಳೆಯುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಬೆಳಕು ತೂರದ ಚೀಲ, ಒಂದು ಟ್ಯಾಂಕು, ಡೆವಲಪರ್, ಹೈಪೊ ಇಷ್ಟೇ ಸಾಮಗ್ರಿ. ರಾಸಾಯನಿಕ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಏಪ್ರಿಲ್‌ನಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು ಅದಕ್ಕಿಂತ ಎಷ್ಟೋ ಬಿಸಿ, ಐಸ್ ಬೇಕಾಗುತ್ತದೆ. ಉತ್ತರ ಬೆಂಗಳೂರಿನ ಬಡಾವಣೆಗಳ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ನೆಗೆಟಿವ್ ತುಂಬ ಬಿಳಿ ಚುಕ್ಕೆ ಬಿಡುತ್ತದೆ. ಕೊನೆಯ ಅದ್ದಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿದರೆ ಈ ತೊಂದರೆ ಇಲ್ಲ.

ಕ್ಯಾಮೆರಾವನ್ನು ಚರ್ಮದ ಕವಚದಲ್ಲಿ ಇಡಬಾರದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ಅದರ ಬಣ್ಣ ಬದಲಾದಾಗ ಕಾಯಿಸಿ ಮತ್ತೆ ಇಡುವುದು. ತಿಂಗಳಿಗೊಮ್ಮೆ ಎಲ್ಲ ವೇಗಗಳಲ್ಲೂ ಷಟರ್ ಓಡಿಸಿದರೆ ಎಣ್ಣೆ ಅಂಟಾಗುವುದು ತಡವಾಗುತ್ತದೆ.

ಮೊದಲ ರೋಲ್

ಮೊದಲ ರೋಲ್ ಕ್ಯಾಮೆರಾದ ಪರೀಕ್ಷೆಗೆ ಮೀಸಲು. ಮದುವೆಗೋ ಪ್ರವಾಸಕ್ಕೋ ಅದನ್ನು ಒಯ್ಯುವಂತಿಲ್ಲ. ನೆರಳಿನಲ್ಲಿ ನಿಂತು ರೋಲ್ ತುಂಬಬೇಕು, ಕಾಗದದ ಮೇಲಿನ ಬಾಣವನ್ನು ಕ್ಯಾಮೆರಾದೊಳಗಿನ ಗುರುತಿಗೆ ಸರಿಹೊಂದಿಸಿ ಬಾಗಿಲು ಮುಚ್ಚಬೇಕು. 100 ಐಎಸ್ಒ ಫಿಲ್ಮಿಗೆ ನಿಚ್ಚಳ ಬಿಸಿಲಿನಲ್ಲಿ ಎಫ್ 16, ವೇಗ 1/125. ಮೋಡ ಕವಿದರೆ ಎಫ್ 8. ಹತ್ತಿರದ್ದು, ದೂರದ್ದು, ಪೂರ್ತಿ ತೆರೆದ ಲೆನ್ಸಿನದ್ದು, ಬೇರೆ ಬೇರೆ ವೇಗದ್ದು ಎಂದು ಹನ್ನೆರಡನ್ನೂ ಬರೆದಿಟ್ಟುಕೊಂಡು ತೆಗೆದರೆ ತೊಳೆದ ನೆಗೆಟಿವ್ ವೈದ್ಯರ ವರದಿ ಆಗುತ್ತದೆ.

ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಕಪ್ಪು ಪಟ್ಟೆ ಬಿದ್ದಿದ್ದರೆ ಕ್ಯಾಮೆರಾದೊಳಗೆ ಬೆಳಕು ಸೋರುತ್ತಿದೆ. ಬಾಗಿಲಿನ ಅಂಚಿನ ಸ್ಪಂಜು ಕರಗಿ ಅಂಟಾಗಿರುತ್ತದೆ, ಹೊಸದನ್ನು ಕತ್ತರಿಸಿ ಅಂಟಿಸುವುದು ಮನೆಯಲ್ಲೇ ಆಗುವ ಕೆಲಸ. ರೋಲಿನ ಎರಡು ತುದಿಗಳ ಅಂಚಿನಲ್ಲಿ ಮಾತ್ರ ಕಪ್ಪಾಗಿದ್ದರೆ ದೋಷ ಕ್ಯಾಮೆರಾದ್ದಲ್ಲ, ಬಿಸಿಲಿನಲ್ಲಿ ತುಂಬಿದ್ದರ ಅಥವಾ ಸಡಿಲ ಸುತ್ತಿದ್ದರ ಫಲ. ನಿಧಾನ ವೇಗದ ಚಿತ್ರಗಳಷ್ಟೇ ಗಾಢವಾಗಿದ್ದರೆ ಷಟರಿಗೆ ಎಣ್ಣೆ ಬೇಕು. ಚಿತ್ರಗಳು ಒಂದರ ಮೇಲೊಂದು ಹತ್ತಿದ್ದರೆ ಸುತ್ತುವ ಯಂತ್ರದ ಹಲ್ಲುಗಳು ಸವೆದಿವೆ. ಇದಕ್ಕೆ ಬಿಡಿಭಾಗ ಸಿಗುವುದು ಕಷ್ಟ. ಮಾರಿದವರು ವಾಪಸ್ ಪಡೆಯಲು ಒಪ್ಪಿದ್ದರೆ ಆ ಮಾತನ್ನು ನೆನಪಿಸಬೇಕಾದ ಸಂದರ್ಭ ಇದೊಂದೇ.